ಜಗತ್ತಿಗೆ ಆದಿಯುಂಟೆ? ಪ್ಯಾರಿಸಿನ ಒಂದು ವಾದವೂ ಥಾಮಸ್ ಅಕ್ವೈನಸನ ನಿಲುವೂ

ಜಗತ್ತಿಗೆ ಒಂದು ಆದಿಯುಂಟೆ, ಅಥವಾ ಅದು ಎಂದೆಂದಿನಿಂದಲೂ ಹೀಗೆಯೇ ನಡೆದುಬಂದಿದೆಯೆ ಎಂಬ ಪ್ರಶ್ನೆಯನ್ನು ಹದಿಮೂರನೆಯ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದ ದೈವಶಾಸ್ತ್ರಜ್ಞರ ಮುಂದಿಟ್ಟಿದ್ದರೆ, ಅವರೆಲ್ಲರಿಂದಲೂ ಬರುತ್ತಿದ್ದ ಉತ್ತರ ಒಂದೇ ಆಗಿರುತ್ತಿತ್ತು. ದೇವರು ಶೂನ್ಯದಿಂದ ಜಗತ್ತನ್ನು ಸೃಷ್ಟಿಸಿದನು. ಆ ಸೃಷ್ಟಿಯೊಡನೆಯೇ ಕಾಲವೂ ಮೊದಲಾಯಿತು. 1215ರಲ್ಲಿ ರೋಮಿನಲ್ಲಿ ನೆರೆದ ನಾಲ್ಕನೆಯ ಲ್ಯಾಟರನ್ ಮಹಾಸಭೆ ಇದನ್ನು ಕ್ಯಾಥೊಲಿಕ್ ವಿಶ್ವಾಸದ ಅಂಗವೆಂದು ಘೋಷಿಸಿಯೂ ಇದ್ದಿತು. ಹೀಗಿರುವಲ್ಲಿ, ಆ ವಿಶ್ವಾಸವನ್ನು ಮನಸಾರೆ ಒಪ್ಪಿದ್ದ, ಅದಕ್ಕಾಗಿಯೇ ಬಾಳನ್ನು ಮುಡಿಪಾಗಿಟ್ಟಿದ್ದ ಒಬ್ಬ ಸಂನ್ಯಾಸಿ 1270ರ ಸುಮಾರಿಗೆ ಒಂದು ಚಿಕ್ಕ ಪ್ರಬಂಧವನ್ನು ಬರೆದು, ಜಗತ್ತಿಗೆ ಆದಿಯುಂಟೆಂಬುದು ಸತ್ಯವೇ ಆದರೂ ಅದನ್ನು ಯುಕ್ತಿಬಲದಿಂದ ಸಾಧಿಸುವುದು ಯಾರಿಂದಲೂ ಆಗದು, ಸಾಧಿಸಿದೆವೆಂದು ಹೇಳಿಕೊಳ್ಳುವ ಧರ್ಮನಿಷ್ಠರ ವಾದಗಳು ಗಟ್ಟಿಯಾದವಲ್ಲ ಎಂದು ವಾದಿಸಿದನು. ಆತನೇ ಥಾಮಸ್ ಅಕ್ವೈನಸ್. ತಮ್ಮ ಪಕ್ಷದ ವೀರನೇ ತಮ್ಮ ಆಯುಧಗಳನ್ನು ಕಿತ್ತಿಟ್ಟನಲ್ಲಾ ಎಂದು ಆತನ ಸಹೋದ್ಯೋಗಿಗಳಲ್ಲಿ ಹಲವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಮಧ್ಯಯುಗದ ಕ್ಯಾಥೊಲಿಕ್ ಚಿಂತನೆಯ ವಿಷಯದಲ್ಲಿ ನಮ್ಮ ಓದುಗರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬಳಕೆಯಲ್ಲಿವೆ. ಅದು ಬುದ್ಧಿಯನ್ನು ಶ್ರದ್ಧೆಯ ಕಾಲಿಗೆ ಕಟ್ಟಿಹಾಕಿದ ಅಂಧಕಾರದ ಕಾಲವೆಂಬುದು ಒಂದು. ಆ ಕಾಲದ ಪಂಡಿತರು ದೇವರ ಸ್ವರೂಪದಿಂದ ಹಿಡಿದು ದೇವದೂತರ ಸಂಚಾರದವರೆಗೆ ಸಮಸ್ತವನ್ನೂ ತರ್ಕದಿಂದ ಸಿದ್ಧಪಡಿಸಿಬಿಟ್ಟೆವೆಂದು ಬೀಗಿದರೆಂಬುದು ಇನ್ನೊಂದು. ಆ ಚಿಕ್ಕ ಪ್ರಬಂಧವನ್ನು ಮನಸ್ಸಿಟ್ಟು ಓದಿದವರಿಗೆ ಈ ಎರಡೂ ನಿಲ್ಲುವುದಿಲ್ಲ. ಶ್ರದ್ಧೆಗೂ ಬುದ್ಧಿಗೂ ಸಮನ್ವಯವನ್ನು ತಂದವರಲ್ಲಿ ಥಾಮಸನು ಅಗ್ರಗಣ್ಯನೆಂದು ಎಲ್ಲರೂ ಹೇಳುತ್ತಾರಷ್ಟೆ. ಆ ಸಮನ್ವಯದ ಜೀವಾಳ ಬುದ್ಧಿಯು ಎಲ್ಲಿಯವರೆಗೆ ಹೋಗಬಲ್ಲುದು, ಎಲ್ಲಿ ನಿಲ್ಲತಕ್ಕದ್ದು ಎಂಬುದನ್ನು, ತನ್ನ ಶ್ರದ್ಧೆಗೆ ಅನುಕೂಲವಾದ ಕಡೆಯಲ್ಲಿಯೂ ಸಡಿಲಗೊಳಿಸದೆ ಹೇಳಿದ ಆತನ ಪ್ರಾಮಾಣಿಕತೆಯಲ್ಲಿ ಇದೆಯೆಂದು ನನ್ನ ನಂಬಿಕೆ. ಈ ಹೊತ್ತಿನ ಭಾಷಣದಲ್ಲಿ ನಾನು ಶ್ರೋತೃಗಳ ಮುಂದಿಡಬೇಕೆಂದಿರುವುದು ಅದನ್ನೇ.

ಈ ಹಾದಿ ಥಾಮಸನಿಂದ ಮೊದಲಾದುದಲ್ಲ. ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ಪನಾಗಿದ್ದು 430ರಲ್ಲಿ ತೀರಿಕೊಂಡ ಆಗಸ್ಟೀನನು, ನಂಬಿದವನು ತಾನು ನಂಬಿದುದನ್ನು ತಿಳಿದುಕೊಳ್ಳಲು ಯತ್ನಿಸಬೇಕೆಂದು ಬಹು ಹಿಂದೆಯೇ ಬೋಧಿಸಿದ್ದನು. ಆ ಬೋಧೆಯನ್ನು ಒಂದು ಸಾಹಸವನ್ನಾಗಿ ಮಾಡಿದವನು ಹನ್ನೊಂದನೆಯ ಶತಮಾನದ ಆನ್ಸೆಲ್ಮ್. ಆಲ್ಪ್ಸ್ ಪರ್ವತದ ಮಡಿಲಿನ ಆವೊಸ್ತಾದಲ್ಲಿ 1033ರಲ್ಲಿ ಹುಟ್ಟಿ, ನಾರ್ಮಂಡಿಯ ಬೆಕ್ ಎಂಬ ಸಂನ್ಯಾಸಿಮಠವನ್ನು ಸೇರಿ, ಅಲ್ಲಿಯೇ ಮಠಾಧಿಪತಿಯಾಗಿ, ಕೊನೆಗೆ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದ ಈತನು, ದೇವರ ಅಸ್ತಿತ್ವವನ್ನು ಒಂದೇ ಒಂದು ಯುಕ್ತಿಯಿಂದ, ಬೇರೆ ಯಾವುದರ ಆಸರೆಯೂ ಬೇಡದಂತೆ ತೋರಿಸಬಹುದೆ ಎಂಬ ಚಿಂತೆಯಲ್ಲಿ ಊಟ ನಿದ್ರೆಗಳನ್ನು ಮರೆತನೆಂದೂ, ದೇವರ ಪ್ರಾರ್ಥನೆಯ ಮಧ್ಯದಲ್ಲಿಯೂ ಅದೇ ಆಲೋಚನೆ ನುಗ್ಗಿಬರುತ್ತಿದ್ದುದರಿಂದ ಇದು ಸೈತಾನನ ಪ್ರಲೋಭನೆಯೋ ಏನೋ ಎಂದು ಅಂಜಿದನೆಂದೂ ಆತನ ಶಿಷ್ಯನಾದ ಈಡ್ಮರನು ಬರೆದ ಜೀವನಚರಿತ್ರೆ ಹೇಳುತ್ತದೆ. ಕಡೆಗೊಂದು ರಾತ್ರಿ ಜಾಗರಣೆಯ ಪ್ರಾರ್ಥನೆಯ ಹೊತ್ತಿನಲ್ಲಿ ಯುಕ್ತಿ ಹೊಳೆಯಿತು. ಮೇಣದ ಫಲಕಗಳ ಮೇಲೆ ಬರೆದು ಒಬ್ಬ ಸಂನ್ಯಾಸಿಯ ವಶಕ್ಕೆ ಕೊಟ್ಟರೆ ಫಲಕಗಳು ಕಾಣೆಯಾದವು. ಮತ್ತೆ ಬರೆದು ಕೊಟ್ಟರೆ ಅವು ಚೂರುಚೂರಾಗಿ ನೆಲದ ಮೇಲೆ ಬಿದ್ದಿದ್ದವು. ಆ ಚೂರುಗಳನ್ನು ಆರಿಸಿ ಜೋಡಿಸಿ, ಇನ್ನು ಅಪಾಯ ಬೇಡವೆಂದು ಚರ್ಮಪತ್ರದ ಮೇಲೆ ನಕಲು ಮಾಡಿಸಿದ ಗ್ರಂಥವೇ 1077–78ರ 'ಪ್ರೊಸ್ಲೋಗಿಯೊನ್'.

ಯಾವುದಕ್ಕಿಂತ ಮಿಗಿಲಾದುದನ್ನು ಭಾವಿಸುವುದೇ ಸಾಧ್ಯವಿಲ್ಲವೋ ಅದು ಬರಿಯ ಭಾವನೆಯಲ್ಲಿ ಮಾತ್ರ ಇದೆಯೆನ್ನುವುದು ಸ್ವವಿರುದ್ಧವಾದ ಮಾತು, ಏಕೆಂದರೆ ವಾಸ್ತವವಾಗಿಯೂ ಇರುವುದು ಅದಕ್ಕಿಂತ ಮಿಗಿಲಾದೀತು. ಆದುದರಿಂದ ಅದು ಇರಲೇಬೇಕು ಎಂಬುದು ಆನ್ಸೆಲ್ಮನ ಯುಕ್ತಿಯ ಸಾರ. ಈ ಯುಕ್ತಿ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ನನ್ನ ಮನಸ್ಸನ್ನು ಸೆಳೆದದ್ದು ಆ ಗ್ರಂಥದ ಮುಂದಿನ ಕಥೆ. ಮಾರ್ಮೂತಿಯೆ ಎಂಬ ಮಠದ ಗೌನಿಲೊ ಎಂಬ ಸಂನ್ಯಾಸಿ, ತಾನೂ ಪರಮ ಆಸ್ತಿಕನಾಗಿದ್ದುಕೊಂಡೇ, ನಾಸ್ತಿಕನ ಪರವಾಗಿ ವಕಾಲತ್ತು ವಹಿಸಿ ಒಂದು ಖಂಡನೆಯನ್ನು ಬರೆದನು. ಎಲ್ಲ ದ್ವೀಪಗಳಿಗಿಂತಲೂ ಶ್ರೇಷ್ಠವಾದ ಒಂದು ದ್ವೀಪವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡ ಮಾತ್ರಕ್ಕೆ ಆ ದ್ವೀಪ ಸಮುದ್ರದಲ್ಲಿ ಎಲ್ಲಿಯೋ ಇರಲೇಬೇಕೆಂದಾಗುವುದೆ ಎಂಬುದು ಅವನ ಆಕ್ಷೇಪ. ಆನ್ಸೆಲ್ಮನು ಇದಕ್ಕೆ ಸಮಾಧಾನವನ್ನು ಬರೆದುದು ಸಹಜವೇ. ಅದಕ್ಕಿಂತ ಹೆಚ್ಚಾಗಿ, ಇನ್ನು ಮುಂದೆ ತನ್ನ ಗ್ರಂಥವನ್ನು ಪ್ರತಿಮಾಡುವವರು ಗೌನಿಲೊನ ಖಂಡನೆಯನ್ನೂ ತನ್ನ ಸಮಾಧಾನವನ್ನೂ ಅದರ ಕೊನೆಗೆ ಸೇರಿಸಿಯೇ ಪ್ರತಿಮಾಡತಕ್ಕದ್ದೆಂದು ಅವನು ಅಪೇಕ್ಷಿಸಿದನು. ತನ್ನ ಎದುರಾಳಿಯ ಮಾತನ್ನು ತನ್ನ ಪುಸ್ತಕದ ಬೆನ್ನಿಗೇ ಕಟ್ಟಿ ಲೋಕಕ್ಕೆ ಕಳುಹಿಸುವ ಧೈರ್ಯ ಯಾವ ಶತಮಾನದಲ್ಲಿಯೂ ಸುಲಭವಾದುದಲ್ಲ.

ಮುಂದಿನ ತಲೆಮಾರಿನ ಫ್ರೆಂಚ್ ತಾರ್ಕಿಕನಾದ ಅಬೆಲಾರ್ಡನ ವಿಷಯ ಬೇರೆ. ಆತ ಜಗಳಗಂಟ, ಪ್ರತಿಭಾಶಾಲಿ, ದುಃಖಿ. ಶಾಸ್ತ್ರಪ್ರಮಾಣವೆಂದು ಎಲ್ಲರೂ ತಲೆಬಾಗುತ್ತಿದ್ದ ಪ್ರಾಚೀನ ಆಚಾರ್ಯರ ವಾಕ್ಯಗಳನ್ನು 158 ಪ್ರಶ್ನೆಗಳ ಕೆಳಗೆ ಒಟ್ಟುಗೂಡಿಸಿ, ಒಂದೇ ಪ್ರಶ್ನೆಗೆ ಒಬ್ಬರು ಹೌದೆಂದೂ ಇನ್ನೊಬ್ಬರು ಅಲ್ಲವೆಂದೂ ಹೇಳಿರುವುದನ್ನು ಎದುರುಬದುರಾಗಿ ನಿಲ್ಲಿಸಿ, ತಾನು ಮಾತ್ರ ಯಾವ ತೀರ್ಪನ್ನೂ ಕೊಡದೆ ವಿದ್ಯಾರ್ಥಿಗಳ ಕೈಗೆ ಒಪ್ಪಿಸಿದ ಅವನ 'ಸಿಕ್ ಎತ್ ನೋನ್' ಎಂಬ ಸಂಕಲನ, ಪ್ರಮಾಣವಾಕ್ಯವನ್ನು ಒಪ್ಪುವವರಿಗೂ ವಿಚಾರ ಅನಿವಾರ್ಯವೆಂಬುದನ್ನು ಸ್ಥಾಪಿಸಿತು. 1121ರಲ್ಲಿ ಸ್ವಾಸ್ಸೊಂ ಸಭೆಯಲ್ಲಿ ತನ್ನ ಇನ್ನೊಂದು ಪುಸ್ತಕವನ್ನು ತನ್ನ ಕೈಯಿಂದಲೇ ಬೆಂಕಿಗೆ ಹಾಕಬೇಕಾಗಿ ಬಂದ ಈತನಿಗೆ, ಕೊನೆಗಾಲದಲ್ಲಿ, ಕ್ಲೂನಿ ಮಠದ ಅಧಿಪತಿಯಾದ ಪೀಟರನ ಔದಾರ್ಯದಿಂದ ಒಂದು ನೆಮ್ಮದಿಯ ಆಶ್ರಯ ದೊರೆಯಿತು.

ಇಷ್ಟರವರೆಗೆ ಪಾಶ್ಚಾತ್ಯ ಪಂಡಿತರ ಕೈಯಲ್ಲಿದ್ದ ಅರಿಸ್ಟಾಟಲ್ ಬಹುಮಟ್ಟಿಗೆ ತರ್ಕಶಾಸ್ತ್ರದ ಅರಿಸ್ಟಾಟಲ್ ಮಾತ್ರ. ಅದೂ ಆರನೆಯ ಶತಮಾನದಲ್ಲಿ ಬೊಯೆತಿಯಸನು ಲ್ಯಾಟಿನ್ನಿಗೆ ತಂದಿಟ್ಟಿದ್ದಷ್ಟು. ಹನ್ನೆರಡನೆಯ ಶತಮಾನದ ಉತ್ತರಾರ್ಧದಿಂದ ಪರಿಸ್ಥಿತಿ ಬದಲಾಯಿತು. ಸ್ಪೇನಿನ ಟೊಲೆಡೊ ನಗರದಲ್ಲಿ ಕ್ರೆಮೋನದ ಜೆರಾರ್ಡನಂಥವರು ಅರಬ್ಬೀ ಭಾಷೆಯಿಂದಲೂ, ಮುಂದೆ ಮೋರ್ಬೆಕೆಯ ವಿಲಿಯಮನಂಥವರು ನೇರವಾಗಿ ಗ್ರೀಕಿನಿಂದಲೂ ಭಾಷಾಂತರ ಮಾಡಿದುದರಿಂದ, ಆ ಪ್ರಾಚೀನ ದಾರ್ಶನಿಕನ ಭೌತಶಾಸ್ತ್ರ, ಆತ್ಮವಿಚಾರ, ತತ್ತ್ವಮೀಮಾಂಸೆ, ನೀತಿಶಾಸ್ತ್ರಗಳೆಲ್ಲವೂ, ಅವುಗಳ ಜೊತೆಗೆ ಇಬ್ನ್ ಸೀನಾ, ಇಬ್ನ್ ರುಶ್ದ್ ಮೊದಲಾದ ಮುಸಲ್ಮಾನ ದಾರ್ಶನಿಕರ ಮತ್ತು ಯೆಹೂದ್ಯನಾದ ಮೋಶೆ ಬೆನ್ ಮೈಮೋನನ ಗ್ರಂಥಗಳೂ ಒಂದೆರಡು ತಲೆಮಾರುಗಳೊಳಗೆ ಪ್ಯಾರಿಸನ್ನು ತಲುಪಿದವು. ಅಲ್ಲಿಯ ಪಂಡಿತರಿಗೆ ಇದು ಬಿಡಿಬಿಡಿಯಾದ ಹೊಸ ಮಾಹಿತಿಯಾಗಿರಲಿಲ್ಲ. ಬೈಬಲಿನ ಒಂದು ಪದವನ್ನೂ ಅರಿಯದ ಒಬ್ಬ ಮನುಷ್ಯ, ತನ್ನ ಬುದ್ಧಿಯೊಂದನ್ನೇ ನೆಚ್ಚಿ, ಕಲ್ಲಿನಿಂದ ನಕ್ಷತ್ರದವರೆಗೆ ಪ್ರಪಂಚವನ್ನು ಸಮಗ್ರವಾಗಿ ವಿವರಿಸಿದ್ದನು. ಆ ವಿವರಣೆಯಲ್ಲಿ ಜಗತ್ತು ಅನಾದಿ. ದೇವರು ಅದರ ಚಲನೆಗೆ ಪರಮ ಕಾರಣ, ಆದರೆ ಒಬ್ಬೊಬ್ಬ ಮನುಷ್ಯನ ಯೋಗಕ್ಷೇಮವನ್ನು ನೋಡಿಕೊಳ್ಳುವವನೆಂದು ಕಾಣುವುದಿಲ್ಲ. ಇಬ್ನ್ ರುಶ್ದನ ವ್ಯಾಖ್ಯಾನವನ್ನು ಹಿಡಿದು ಓದಿದರೆ, ಅರಿವಿಗೆ ಆಶ್ರಯವಾದ ಬೌದ್ಧಿಕ ತತ್ತ್ವ ಸಮಸ್ತ ಮಾನವರಿಗೂ ಒಂದೇ. ಹಾಗಾದರೆ ಸತ್ತ ಮೇಲೆ ಪಾಪಪುಣ್ಯಗಳ ಫಲವನ್ನುಣ್ಣುವ ಜೀವ ಯಾವುದು?

ಅಧಿಕಾರಿಗಳ ಮೊದಲ ಪ್ರತಿಕ್ರಿಯೆ ನಿಷೇಧ. 1210ರಲ್ಲಿ ಪ್ಯಾರಿಸಿನಲ್ಲಿ ಅರಿಸ್ಟಾಟಲನ ಪ್ರಕೃತಿಗ್ರಂಥಗಳ ಪಾಠವನ್ನು ತಡೆದರು. 1215ರಲ್ಲಿ ಆ ತಡೆಯನ್ನು ಮತ್ತೆ ಖಚಿತಪಡಿಸಿದರು. 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿ, ಆ ಗ್ರಂಥಗಳನ್ನು ಪರಿಶೀಲಿಸಿ ದೋಷಗಳನ್ನು ತೆಗೆಯುವವರೆಗೆ ಉಪಯೋಗಿಸಬಾರದೆಂದು ಹೇಳಿ, ನಿಷೇಧವನ್ನು ಸ್ವಲ್ಪ ಸಡಿಲಿಸಿದನು. ಆದರೆ ಓದುವವರ ಹಸಿವು ಇದಾವುದನ್ನೂ ಲೆಕ್ಕಿಸಲಿಲ್ಲ. 1255ರ ಹೊತ್ತಿಗೆ ಅದೇ ವಿಶ್ವವಿದ್ಯಾಲಯದ ಕಲಾವಿಭಾಗ ಅರಿಸ್ಟಾಟಲನ ಗ್ರಂಥಗಳನ್ನು ವಿಧಿಬದ್ಧವಾದ ಪಠ್ಯವನ್ನಾಗಿ ಮಾಡಿಕೊಂಡಿತು.

ಈ ಸಂಧಿಕಾಲದಲ್ಲಿಯೇ ಥಾಮಸನು ಬೆಳೆದವನು. ರೋಮ್ ಮತ್ತು ನೇಪಲ್ಸ್‌ಗಳ ನಡುವಣ ರೊಕ್ಕಸೆಕ್ಕ ಕೋಟೆಯಲ್ಲಿ, 1225ರ ಸುಮಾರಿಗೆ, ಶ್ರೀಮಂತ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮೊಂತೆ ಕಸ್ಸೀನೊ ಮಠಕ್ಕೆ ಒಪ್ಪಿಸಲ್ಪಟ್ಟು, ಸಾಮ್ರಾಟ್ ಎರಡನೆಯ ಫ್ರೆಡರಿಕನು ಸ್ಥಾಪಿಸಿದ್ದ ನೇಪಲ್ಸಿನ ವಿದ್ಯಾಪೀಠದಲ್ಲಿ ಓದಿ, ಮನೆಯವರ ಇಷ್ಟಕ್ಕೆ ವಿರುದ್ಧವಾಗಿ ಭಿಕ್ಷಾಟನೆಯ ಡೊಮಿನಿಕನ್ ಸಂಘವನ್ನು ಸೇರಿದನು. ಸೋದರರು ದಾರಿಯಲ್ಲಿ ಹಿಡಿದು ತಂದು ಸುಮಾರು ಒಂದು ವರ್ಷ ಮನೆಯಲ್ಲಿ ಬಂಧನದಲ್ಲಿಟ್ಟರೂ ಮನಸ್ಸನ್ನು ಬದಲಿಸಲಿಲ್ಲ. ಆತನ ಗುರುವಾದ ಜರ್ಮನಿಯ ಆಲ್ಬರ್ಟನು ಅರಿಸ್ಟಾಟಲನನ್ನು ಲ್ಯಾಟಿನ್ ಜಗತ್ತಿಗೆ ಅರ್ಥವಾಗುವಂತೆ ಮಾಡುವುದನ್ನೇ ತನ್ನ ವ್ರತವನ್ನಾಗಿ ಇಟ್ಟುಕೊಂಡಿದ್ದವನು. ಗಿಡ, ಮೃಗ, ಖನಿಜಗಳನ್ನು ಕಣ್ಣಾರೆ ನೋಡಿ ಬರೆದವನು. ಮಾತು ಕಡಮೆ, ಮೈ ದೊಡ್ಡದು ಎಂದು ಸಹಪಾಠಿಗಳು ಥಾಮಸನನ್ನು ಮೂಕ ಎತ್ತು ಎಂದು ಕರೆಯುತ್ತಿದ್ದರಂತೆ. 1256ರಲ್ಲಿ ಆತ ಪ್ಯಾರಿಸಿನಲ್ಲಿ ದೈವಶಾಸ್ತ್ರದ ಆಚಾರ್ಯಪದವಿಗೆ ಏರಿದನು.

ಆ ವಿದ್ಯಾಪೀಠದ ಆಚಾರ್ಯನ ಕರ್ತವ್ಯಗಳಲ್ಲಿ ವಾದಸಭೆಯನ್ನು ನಡೆಸುವುದೂ ಒಂದು. ಕ್ರಿಸ್ತಜಯಂತಿಗೆ ಮುಂಚಿನ ಕಾಲದಲ್ಲಿಯೂ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸಿನ ಕಾಲದಲ್ಲಿಯೂ ಆಚಾರ್ಯನು ಸಾರ್ವಜನಿಕವಾಗಿ ಕುಳಿತು, ಯಾರು ಯಾವ ಪ್ರಶ್ನೆಯನ್ನು ಕೇಳಿದರೂ ಸಮಾಧಾನ ಹೇಳುವ ಪದ್ಧತಿಯಿತ್ತು. ಇಂಥ ಒಂದು ಸಭೆಯಲ್ಲಿ, ಆಚಾರ್ಯನು ತೀರ್ಮಾನವನ್ನು ಯುಕ್ತಿಯಿಂದ ಕೊಡಬೇಕೋ ಪ್ರಮಾಣವಾಕ್ಯದಿಂದ ಕೊಡಬೇಕೋ ಎಂಬ ಪ್ರಶ್ನೆಯೇ ಬಂದಿತು. ವಿವಾದ ಒಂದು ಸಂಗತಿ ಹೌದೋ ಅಲ್ಲವೋ ಎಂಬುದಾದರೆ ಎದುರಾಳಿ ಒಪ್ಪುವ ಪ್ರಮಾಣವನ್ನು ಉಪಯೋಗಿಸಬಹುದು. ಆದರೆ ಕಲಿಸುವುದು ಉದ್ದೇಶವಾದರೆ ಸತ್ಯದ ಬೇರನ್ನು ಮುಟ್ಟುವ ಯುಕ್ತಿ ಬೇಕು, ಬರಿಯ ಪ್ರಮಾಣವಾಕ್ಯವನ್ನು ಒಪ್ಪಿಸಿದರೆ ಕೇಳಿದವನಿಗೆ ಸಂಗತಿ ಹಾಗೆಯೇ ಎಂಬ ನಿಶ್ಚಯವಾದೀತೇ ಹೊರತು ಜ್ಞಾನವಾಗದು, ಅವನು ಬರಿಗೈಯಲ್ಲಿ ಹಿಂದಿರುಗಿಯಾನು ಎಂಬುದು ಥಾಮಸನ ಉತ್ತರದ ತಾತ್ಪರ್ಯ.

1265ರ ಸುಮಾರಿಗೆ ಮೊದಲುಮಾಡಿ ಕೊನೆಗೂ ಮುಗಿಸದೆ ಬಿಟ್ಟ ಆತನ 'ಸುಮ್ಮಾ ಥಿಯೊಲೊಗಿಯೆ' ಎಂಬ ಮಹಾಗ್ರಂಥ ಈ ವಾದಸಭೆಯ ಅಚ್ಚಿನಲ್ಲಿಯೇ ಎರಕವಾದುದು. ಮೊದಲು ಒಂದು ಪ್ರಶ್ನೆ. ಅದಾದ ಮೇಲೆ, ಗ್ರಂಥಕಾರನು ಎತ್ತಿಹಿಡಿಯಲಿರುವ ಪಕ್ಷಕ್ಕೆ ವಿರುದ್ಧವಾದ ಆಕ್ಷೇಪಗಳು. ಬಳಿಕ ಆ ಆಕ್ಷೇಪಗಳಿಗೆ ಎದುರಾದ ಒಂದು ವಾಕ್ಯ. ಆಮೇಲೆ ತನ್ನ ಸಿದ್ಧಾಂತ. ಕೊನೆಯಲ್ಲಿ ಒಂದೊಂದು ಆಕ್ಷೇಪಕ್ಕೂ ಬೇರೆ ಬೇರೆಯಾಗಿ ಪರಿಹಾರ. ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮದಲ್ಲಿ ಶಾಸ್ತ್ರವನ್ನು ಅಭ್ಯಾಸಮಾಡಿದ ನಮ್ಮ ಮೀಮಾಂಸಕರು ಈ ಗ್ರಂಥವನ್ನು ಕೈಗೆತ್ತಿಕೊಂಡಿದ್ದರೆ ಒಂದು ಗಳಿಗೆಯೂ ದಾರಿ ತಪ್ಪುತ್ತಿರಲಿಲ್ಲ. ದೇವರಿದ್ದಾನೆಯೆ ಎಂಬ ಪ್ರಶ್ನೆಯಡಿಯಲ್ಲಿ ಥಾಮಸನು ಇಟ್ಟಿರುವ ಮೊದಲ ಪೂರ್ವಪಕ್ಷ ಯಾವುದೆಂದರೆ, ಅನಂತವಾದ ಒಳ್ಳೆಯದೊಂದು ಇರುವುದಾದರೆ ಕೆಟ್ಟದ್ದು ಇರಬಾರದಾಗಿತ್ತು, ಲೋಕದಲ್ಲಿ ಕೆಟ್ಟದ್ದು ಇದೆ, ಆದುದರಿಂದ ದೇವರಿಲ್ಲ ಎಂಬುದು. ನಾಸ್ತಿಕನ ಅತ್ಯಂತ ಬಲವಾದ ಬಾಣವನ್ನು ಅವನ ಕೈಗೆ ತಾನೇ ಎತ್ತಿಕೊಟ್ಟು ಅನಂತರ ಎದೆಯೊಡ್ಡುವ ಈ ರೀತಿ ಆ ಗ್ರಂಥದ ಪುಟಪುಟದಲ್ಲಿಯೂ ಕಾಣುತ್ತದೆ.

ಇನ್ನು ಸಮನ್ವಯದ ಸೂತ್ರಕ್ಕೆ ಬರೋಣ. ದೇವರಿದ್ದಾನೆ, ಅವನು ಒಬ್ಬನೇ ಎಂಬಂಥ ಕೆಲವು ವಿಷಯಗಳನ್ನು ಮನುಷ್ಯನ ಬುದ್ಧಿ ಕಾರ್ಯದಿಂದ ಕಾರಣಕ್ಕೆ ಹತ್ತಿ ಹೋಗಿ ತಾನೇ ಮುಟ್ಟಬಲ್ಲುದೆಂದು ಥಾಮಸನ ಮತ. ದೇವರು ತ್ರ್ಯೇಕನೆಂಬುದು, ಅವನು ಮನುಷ್ಯನಾಗಿ ಅವತರಿಸಿದನೆಂಬುದು ಬುದ್ಧಿಯ ಶಕ್ತಿಗೆ ಮೀರಿದವು. ಅವನಾಗಿ ತಿಳಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಆದರೆ ಬುದ್ಧಿಗೆ ಮೀರಿದ್ದು ಬುದ್ಧಿಗೆ ವಿರುದ್ಧವಾಗಲಾರದು. ಏಕೆಂದರೆ ಬುದ್ಧಿಯನ್ನು ಕೊಟ್ಟವನೂ ಶ್ರುತಿಯನ್ನು ಕೊಟ್ಟವನೂ ಒಬ್ಬನೇ. ಇದರಿಂದ ಒಂದು ದೊಡ್ಡ ಪರಿಣಾಮ ಒದಗುತ್ತದೆ. ಶ್ರದ್ಧೆಗೆ ವಿರುದ್ಧವಾದ ಒಂದು ವಾದವು ಎದುರಾದಾಗ ನಂಬಿದವನು ಕಿವಿ ಮುಚ್ಚಿಕೊಳ್ಳಬೇಕಾದುದಿಲ್ಲ, ವಾದಿಯನ್ನು ಶಪಿಸಬೇಕಾದುದೂ ಇಲ್ಲ. ಆ ವಾದದಲ್ಲಿ ಎಲ್ಲಿಯೋ ಒಂದು ತರ್ಕದೋಷ ಇರಲೇಬೇಕು, ಅದನ್ನು ಬುದ್ಧಿಯಿಂದಲೇ ಹುಡುಕಿ ತೋರಿಸಬೇಕು. ಶ್ರದ್ಧೆಯನ್ನು ಕಾಯುವ ಹೊಣೆಯನ್ನು ಹೀಗೆ ಬುದ್ಧಿಗೆ ವಹಿಸಿದ ಮೇಲೆ ಬುದ್ಧಿಯ ನಿಯಮಗಳನ್ನು ತನ್ನ ಅನುಕೂಲಕ್ಕಾಗಿ ಸಡಿಲಿಸುವ ಹಕ್ಕು ನಂಬಿದವನಿಗೆ ಉಳಿಯುವುದಿಲ್ಲ.

ಈ ಕೊನೆಯ ಮಾತಿನ ಪರೀಕ್ಷೆಯೇ ಜಗತ್ತಿನ ಆದಿಯ ಪ್ರಶ್ನೆಯಲ್ಲಿ ಆದದ್ದು. ಫ್ರಾನ್ಸಿಸ್ಕನ್ ಸಂಘದ ಮಹಾಪುರುಷನಾದ ಬೊನವೆಂಚರನು, ಜಗತ್ತು ಅನಾದಿಯಾಗಿರುವುದು ಅಸಾಧ್ಯವೆಂದು ತರ್ಕದಿಂದಲೇ ತೋರಿಸಬಹುದೆಂದು ವಾದಿಸಿದ್ದನು. ಅವನ ಯುಕ್ತಿಗಳು ಸಾಮಾನ್ಯವಾದವಲ್ಲ. ಜಗತ್ತು ಅನಾದಿಯಾದರೆ ಇದುವರೆಗೆ ಕಳೆದ ದಿನಗಳು ಅನಂತ. ಅನಂತವನ್ನು ದಾಟಿ ಮುಗಿಸುವುದು ಅಸಾಧ್ಯ. ಹಾಗಾದರೆ ಈ ದಿನಕ್ಕೆ ನಾವು ಬಂದು ಮುಟ್ಟಿದುದಾದರೂ ಹೇಗೆ? ಅನಂತಕ್ಕೆ ಏನನ್ನೂ ಕೂಡಿಸಲಾಗದು. ಆದರೆ ನಾಳೆಯ ಸೂರ್ಯೋದಯ ನಿನ್ನೆಯವರೆಗಿನ ಸೂರ್ಯೋದಯಗಳಿಗೆ ಕೂಡುತ್ತದಲ್ಲವೆ? ಸೂರ್ಯನ ಒಂದು ಸುತ್ತಿಗೆ ಚಂದ್ರನದು ಹನ್ನೆರಡು ಸುತ್ತು. ಎರಡೂ ಅನಂತವಾಗಿದ್ದರೆ ಒಂದು ಅನಂತ ಇನ್ನೊಂದಕ್ಕಿಂತ ಹನ್ನೆರಡು ಪಾಲು ದೊಡ್ಡದಾಗಬೇಕಾಗುತ್ತದೆ.

ಥಾಮಸನು ಈ ಬಗೆಯ ವಾದಗಳನ್ನು ಹಿಡಿದು ನೋಡುತ್ತಾನೆ. ದಾಟುವುದೆಂದರೆ ಒಂದು ಗಡಿಯಿಂದ ಇನ್ನೊಂದು ಗಡಿಗೆ ದಾಟುವುದು. ಹಿಂದಿನ ಯಾವ ದಿನವನ್ನು ನೀವು ಬೆರಳಿಟ್ಟು ತೋರಿಸಿದರೂ ಅಲ್ಲಿಂದ ಇಂದಿನವರೆಗೆ ಇರುವ ದಿನಗಳು ಎಣಿಕೆಗೆ ಸಿಕ್ಕುವಷ್ಟೇ. ದಾಟಲಾಗದ ದೂರವೆನ್ನುವುದು, ಆದಿಯೇ ಇಲ್ಲದ ಕಾಲಕ್ಕೆ ಒಂದು ಆದಿದಿನವನ್ನು ಗುಟ್ಟಾಗಿ ಆರೋಪಿಸಿ, ಅಲ್ಲಿಂದ ನಡೆಯತೊಡಗಿದರೆ ಮಾತ್ರ ಹುಟ್ಟುವ ಕಷ್ಟ. ಕೂಡಿಸುವ ಮಾತೂ ಅಷ್ಟೆ. ಅನಂತವಾದದ್ದಕ್ಕೆ ಅದು ಕೊನೆಗೊಂಡಿರುವ ಕಡೆಯಲ್ಲಿ ಕೂಡಿಸಲು ಏನೂ ಅಡ್ಡಿಯಿಲ್ಲ. ಮಗನಿಗೆ ತಂದೆ, ತಂದೆಗೆ ಅಜ್ಜ ಎಂದು ಹಿಂದೆ ಹಿಂದೆ ಹೋಗುವ ಕಾರಣಪರಂಪರೆ ನಿಲ್ಲದೆ ಹೋದರೂ ಅದರಲ್ಲಿ ವಿರೋಧವಿಲ್ಲವೆಂದು ಆತ ಒಪ್ಪಿಕೊಳ್ಳುತ್ತಾನೆ. ಏಕೆಂದರೆ ಅಜ್ಜನು ತೀರಿಹೋದ ಮೇಲೂ ತಂದೆ ಮಗನನ್ನು ಪಡೆಯಬಲ್ಲನು. ಕೈ ಕೋಲನ್ನು, ಕೋಲು ಕಲ್ಲನ್ನು ಈ ಕ್ಷಣದಲ್ಲಿಯೇ ನೂಕುತ್ತಿರುವಂಥ ಪರಂಪರೆಯ ಮಾತು ಬೇರೆ. ಕೈ ನಿಂತರೆ ಕಲ್ಲೂ ನಿಂತಿತು. ದೇವರನ್ನು ಕುರಿತ ಆತನ ಪ್ರಸಿದ್ಧವಾದ ಐದು ಮಾರ್ಗಗಳಲ್ಲಿ ಆದಿಕಾರಣವನ್ನು ಅರಸುವವು ಈ ಎರಡನೆಯ ಬಗೆಯ ಪರಂಪರೆಯನ್ನೇ ನೆಚ್ಚಿಕೊಂಡಿವೆ. ಕಾಲದ ಹಿಂತುದಿಯಲ್ಲಿ ಒಮ್ಮೆ ಚಾಲನೆ ಕೊಟ್ಟು ಸರಿದು ನಿಂತ ದೇವರನ್ನು ಅವು ಹುಡುಕುವುದೇ ಇಲ್ಲ.

ಇಲ್ಲಿಂದ ಆತನ ವಿಚಾರ ಇನ್ನೂ ಆಳಕ್ಕೆ ಇಳಿಯುತ್ತದೆ. ಸೃಷ್ಟಿಯೆಂದರೆ ಆದಿಕ್ಷಣದಲ್ಲಿ ನಡೆದುಹೋದ ಒಂದು ಘಟನೆಯೆಂದು ಎಲ್ಲರೂ ಭಾವಿಸುತ್ತಾರೆ. ಥಾಮಸನ ಪ್ರಕಾರ ಅದು ಒಂದು ಸಂಬಂಧ: ಜಗತ್ತು ತನ್ನ ಇರವಿಗಾಗಿ, ಪ್ರತಿಕ್ಷಣವೂ, ದೇವರನ್ನು ಅವಲಂಬಿಸಿರುವ ಸಂಬಂಧ. ಒಂದು ಪಾದವು ಅನಾದಿಕಾಲದಿಂದ ಧೂಳಿನ ಮೇಲೆ ಊರಿಕೊಂಡಿದ್ದರೆ ಅದರಡಿಯ ಹೆಜ್ಜೆಗುರುತೂ ಅನಾದಿಯೇ. ಆದರೂ ಗುರುತನ್ನು ಮಾಡಿದ್ದು ಪಾದವೆಂಬುದರಲ್ಲಿ ಸಂದೇಹವಿಲ್ಲ. ಪ್ಲೇಟೊವಿನ ಅನುಯಾಯಿಗಳದೆಂದು ಆಗಸ್ಟೀನನು ಹೇಳಿದ್ದ ಈ ದೃಷ್ಟಾಂತವನ್ನು ಥಾಮಸನು ಬಳಸಿಕೊಂಡು, ಅನಾದಿಯಾದ ಜಗತ್ತೂ ದೇವರ ಸೃಷ್ಟಿಯಾಗಿರಬಹುದು, ಆ ಎರಡು ಭಾವನೆಗಳಲ್ಲಿ ಯಾವ ಪರಸ್ಪರವಿರೋಧವೂ ಇಲ್ಲ ಎಂದು ತೋರಿಸುತ್ತಾನೆ. ಈ ನಿಲುವು ಕನ್ನಡ ನಾಡಿನವರಿಗೆ ಅಪರಿಚಿತವೆನಿಸದು. ಅದೇ ಹದಿಮೂರನೆಯ ಶತಮಾನದಲ್ಲಿ, ಪ್ಯಾರಿಸಿನ ಸುದ್ದಿ ತಲುಪುವ ಸಂಭವವೇ ಇಲ್ಲದ ಉಡುಪಿಯಲ್ಲಿ, ಮಧ್ವಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಂಗಡಿಸಿ, ಜೀವರೂ ಪ್ರಕೃತಿಯೂ ಕಾಲವೂ ಅನಾದಿಯಾಗಿದ್ದರೂ ವಿಷ್ಣುವಿಗೆ ಅಧೀನವೆಂದು ಬೋಧಿಸಿದರು. ಇಬ್ಬರ ಮತಗಳಿಗೂ ಅಂತರ ಬಹಳವಿದೆ. ಶೂನ್ಯದಿಂದ ಸೃಷ್ಟಿಯೆಂಬುದನ್ನು ಮಧ್ವರು ಒಪ್ಪುವವರಲ್ಲ. ಆದರೆ ಅಧೀನವಾಗಿರುವುದಕ್ಕೆ ಆದಿಯುಳ್ಳದ್ದಾಗಿರುವುದು ಅವಶ್ಯವಲ್ಲ ಎಂಬ ಒಂದು ಬಿಂದುವಿನಲ್ಲಿ ಆ ಇಬ್ಬರ ದೃಷ್ಟಿಗಳೂ ಕೂಡುತ್ತವೆ.

ಹಾಗಾದರೆ ಜಗತ್ತಿಗೆ ಆದಿಯುಂಟೆಂದು ಗೊತ್ತಾಗುವುದು ಹೇಗೆ? ಮನುಷ್ಯ, ಕಲ್ಲು, ಆಕಾಶ ಇವುಗಳ ಲಕ್ಷಣವನ್ನು ಎಷ್ಟು ಬಗೆದು ನೋಡಿದರೂ, ಅವು ಯಾವಾಗಿನಿಂದ ಇವೆಯೆಂಬುದು ಆ ಲಕ್ಷಣದಲ್ಲಿ ಅಡಗಿರುವುದಿಲ್ಲ. ದೇವರ ಕಡೆಯಿಂದ ನೋಡಿದರೆ, ಅವನ ಸ್ವತಂತ್ರವಾದ ಇಚ್ಛೆಯನ್ನು ಯುಕ್ತಿಯಿಂದ ಊಹಿಸುವುದು ಶಕ್ಯವಲ್ಲ. ಆದುದರಿಂದ ಅವನು ತಿಳಿಸಿದನೆಂದು ನಂಬುವುದೊಂದೇ ದಾರಿ. ಜಗತ್ತು ಅನಾದಿಯೆಂದು ಸಾಧಿಸಲೂ ಆಗದು, ಸಾದಿಯೆಂದು ಸಾಧಿಸಲೂ ಆಗದು ಎಂಬ ಈ ನಿರ್ಣಯದಲ್ಲಿ ಮೋಶೆ ಬೆನ್ ಮೈಮೋನನು ಥಾಮಸನಿಗೆ ಮಾರ್ಗದರ್ಶಿಯಾಗಿದ್ದನು. ಯೆಹೂದ್ಯ ಗುರುವಿನಿಂದ ಕಲಿಯಲು ಈ ಡೊಮಿನಿಕನ್ನನಿಗೆ ಸಂಕೋಚವಿರಲಿಲ್ಲ. ಇಷ್ಟಾಗಿ, ತನ್ನ ಪಕ್ಷದವರಿಗೆ ಆತ ಕೊಟ್ಟ ಎಚ್ಚರಿಕೆಯೊಂದುಂಟು. ಶ್ರದ್ಧೆಯ ವಿಷಯವನ್ನು ಸಾಧಿಸಿಬಿಡುತ್ತೇವೆಂದು ಹೊರಟು ನಿಲ್ಲದ ಯುಕ್ತಿಗಳನ್ನು ಮುಂದೊಡ್ಡಿದರೆ, ಇಂಥ ಯುಕ್ತಿಗಳಿಗಾಗಿಯೇ ಇವರು ನಂಬಿದ್ದಾರೆಂದು ನಂಬದವರು ನಕ್ಕಾರು ಎಂಬ ಅಭಿಪ್ರಾಯದ ಮಾತು ಅದು. ದುರ್ಬಲವಾದ ಸಾಧನೆ ಶ್ರದ್ಧೆಗೆ ಮಾಡುವ ಅಪಚಾರ ವೈರಿಯ ಖಂಡನೆಗಿಂತ ಹೆಚ್ಚಿನದೆಂಬ ಈ ಅರಿವು ಎಲ್ಲ ಮತಗಳ ಉತ್ಸಾಹಿಗಳೂ ಮನಸ್ಸಿಗೆ ತಂದುಕೊಳ್ಳಬೇಕಾದದ್ದೆಂದು ನನಗೆ ತೋರುತ್ತದೆ.

ಇನ್ನೊಂದು ಪಾರ್ಶ್ವದಲ್ಲಿ ಥಾಮಸನು ಎದುರಿಸಬೇಕಾಗಿದ್ದವರು ಕಲಾವಿಭಾಗದ ತರುಣ ಆಚಾರ್ಯರು. ಅವರಲ್ಲಿ ಪ್ರಮುಖನಾದ ಬ್ರಬಾಂಟಿನ ಸಿಗೇರನು, ದಾರ್ಶನಿಕನ ಕೆಲಸ ಅರಿಸ್ಟಾಟಲನ ಅಭಿಪ್ರಾಯವನ್ನು ಯಥಾವತ್ತಾಗಿ ಬಿಡಿಸಿ ಹೇಳುವುದು, ಅದು ಶ್ರದ್ಧೆಗೆ ವಿರುದ್ಧವಾದಲ್ಲಿ ಸತ್ಯ ಶ್ರದ್ಧೆಯ ಕಡೆಗೇ ಇದೆ ಎಂಬ ಧೋರಣೆಯವನು. ಮೇಲುನೋಟಕ್ಕೆ ಇದು ವಿನಯದ ಮಾತಾಗಿ ಕಾಣುತ್ತದೆ. ಆದರೆ 1270ರಲ್ಲಿ ಎಲ್ಲರಿಗೂ ಬುದ್ಧಿ ಒಂದೇ ಎಂಬ ಇಬ್ನ್ ರುಶ್ದನ ಅನುಯಾಯಿಗಳ ವಾದವನ್ನು ಖಂಡಿಸುವ ಗ್ರಂಥದಲ್ಲಿ ಥಾಮಸನು ಈ ವಿನಯದ ಒಳಗುಟ್ಟನ್ನು ಬಿಚ್ಚಿದನು: ಬುದ್ಧಿಯಿಂದ ಅನಿವಾರ್ಯವಾಗಿ ಒಂದು ನಿರ್ಣಯಕ್ಕೆ ಬಂದೆ, ಶ್ರದ್ಧೆಯಿಂದ ಅದರ ವಿರುದ್ಧವನ್ನು ಹಿಡಿದೆ ಎನ್ನುವವನು ಶ್ರದ್ಧೆಯು ಅಸಂಭವವಾದುದನ್ನೇ ಬೋಧಿಸುತ್ತದೆಂದು ಹೇಳಿದಂತಾಯಿತು. ಅನಿವಾರ್ಯವಾದ ನಿರ್ಣಯದ ವಿರುದ್ಧ ಎಂದರೆ ಅಸಂಭವವೇ ತಾನೆ! ಖಂಡನೆಯ ಬಲವಾದ ಯುಕ್ತಿ ಮಾತ್ರ ಶಾಸ್ತ್ರದಿಂದ ತಂದುದಲ್ಲ, ಅನುಭವದಿಂದ ತಂದುದು. ಈ ಮನುಷ್ಯನೇ, ಇವನೇ ಆಲೋಚಿಸುತ್ತಿದ್ದಾನೆಂಬುದು ಪ್ರತ್ಯಕ್ಷವಾಗಿರುವಾಗ, ಆಲೋಚಿಸುವ ತತ್ತ್ವವನ್ನು ಅವನಿಂದ ಬೇರ್ಪಡಿಸಿಟ್ಟರೆ ಈ ಪ್ರತ್ಯಕ್ಷಕ್ಕೆ ಏನು ಗತಿ? ಮೂಲೆಯಲ್ಲಿ ಹುಡುಗರ ಮುಂದೆ ಮಾತನಾಡದೆ ಧೈರ್ಯವಿದ್ದರೆ ಉತ್ತರವನ್ನು ಬರೆಯಲಿ ಎಂಬ ಆಹ್ವಾನದೊಡನೆ ಆ ಗ್ರಂಥ ಮುಗಿಯುತ್ತದೆ. ಸೌಮ್ಯನೆಂದು ಹೆಸರಾದವನ ಲೇಖನಿಯಿಂದ ಅಪೂರ್ವವಾಗಿ ಹೊರಟ ಬಿಸಿ ಅದು.

ಆತನನ್ನು ನಿರ್ದೋಷಿಯೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಅನ್ಯಮತೀಯರನ್ನು ಬಲಾತ್ಕಾರದಿಂದ ನಂಬಿಸಬಾರದು, ನಂಬುವುದು ಇಚ್ಛೆಗೆ ಸೇರಿದುದು ಎಂದು ಬರೆದ ಅದೇ ಕೈ, ಒಮ್ಮೆ ಶ್ರದ್ಧೆಯನ್ನು ಒ‌ಪ್ಪಿ ಅನಂತರ ತಪ್ಪುಬೋಧೆಯಲ್ಲಿ ಹಟಹಿಡಿದವರನ್ನು ಲೌಕಿಕ ಅಧಿಕಾರಿಗಳಿಗೆ ಒಪ್ಪಿಸಿ ಮರಣದಂಡನೆಗೆ ಗುರಿಮಾಡಬಹುದೆಂದೂ ಬರೆಯಿತು. ತನ್ನ ಗ್ರಂಥದಲ್ಲಿ ಪೂರ್ವಪಕ್ಷಿಗೆ ಅಷ್ಟೊಂದು ಗೌರವವನ್ನು ಸಲ್ಲಿಸಿದವನು ಬೀದಿಯ ಪೂರ್ವಪಕ್ಷಿಗೆ ಅದನ್ನು ಸಲ್ಲಿಸಲಿಲ್ಲ. ಕಾಲಧರ್ಮವೆಂದು ಹೇಳಿ ಇದನ್ನು ದಾಟಿಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಆತನ ಸೂತ್ರವನ್ನೇ ಹಿಡಿದು ಆತನನ್ನು ಇಲ್ಲಿ ಆಕ್ಷೇಪಿಸಬಹುದೆಂದು ಮಾತ್ರ ಹೇಳುತ್ತೇನೆ.

1273ರ ಡಿಸೆಂಬರ್ 6ರಂದು, ಸಂತ ನಿಕೊಲಸನ ಹಬ್ಬದ ದಿನ, ನೇಪಲ್ಸಿನಲ್ಲಿ ಪೂಜೆಯನ್ನು ಮುಗಿಸಿದ ಮೇಲೆ ಥಾಮಸನು ಬರೆವಣಿಗೆಯನ್ನು ನಿಲ್ಲಿಸಿಬಿಟ್ಟನು. ತನಗೆ ಕಂಡದ್ದರ ಮುಂದೆ ಇದುವರೆಗೆ ಬರೆದುದೆಲ್ಲ ಒಣಹುಲ್ಲಿನಂತೆ ತೋರುತ್ತಿದೆಯೆಂದು ತನ್ನ ಸಂಗಾತಿ ರೆಜಿನಾಲ್ಡನಿಗೆ ಹೇಳಿದನಂತೆ. ಇದನ್ನು ಬುದ್ಧಿಯ ಸೋಲೆಂದು ವರ್ಣಿಸುವವರಿದ್ದಾರೆ. ಬುದ್ಧಿಗೆ ಎಲ್ಲೆಯುಂಟೆಂದು ಜೀವಮಾನವಿಡೀ ಬರೆದವನು ಆ ಎಲ್ಲೆಯನ್ನು ತಾನೇ ಮುಟ್ಟಿದಾಗ ತನ್ನ ಮಾತಿಗೆ ತಪ್ಪಲಿಲ್ಲವೆಂದು ನಾನು ತಿಳಿಯುತ್ತೇನೆ. ಲಿಯೋನ್ ನಗರದ ಮಹಾಸಭೆಗೆ ಹೊರಟವನು ದಾರಿಯಲ್ಲಿ ಕಾಯಿಲೆ ಬಿದ್ದು 1274ರ ಮಾರ್ಚ್ 7ರಂದು ಫೊಸ್ಸನೋವ ಮಠದಲ್ಲಿ ತೀರಿಕೊಂಡನು. ಬೊನವೆಂಚರನೂ ಅದೇ ವರ್ಷ ಜುಲೈಯಲ್ಲಿ, ಅದೇ ಮಹಾಸಭೆಯ ಸಮಯದಲ್ಲಿ ಕಾಲವಾದನು.

ಸರಿಯಾಗಿ ಮೂರು ವರ್ಷಗಳ ಮೇಲೆ, 1277ರ ಮಾರ್ಚ್ 7ರಂದು, ಪ್ಯಾರಿಸಿನ ಬಿಷಪ್ ಎತಿಯೆನ್ ತಾಂಪಿಯೆ 219 ವಾಕ್ಯಗಳನ್ನು ಖಂಡನೀಯವೆಂದು ಸಾರಿದನು. ಗುರಿ ಮುಖ್ಯವಾಗಿ ಸಿಗೇರನಂಥವರಾದರೂ ಥಾಮಸನ ಕೆಲವು ಅಭಿಪ್ರಾಯಗಳೂ ಆ ಬಲೆಯೊಳಗೆ ಸಿಕ್ಕಿದವು. ಅನಂತರ 1323ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನನು ಥಾಮಸನನ್ನು ಸಂತನೆಂದು ಘೋಷಿಸಿದನು. 1325ರಲ್ಲಿ ಪ್ಯಾರಿಸಿನ ಬಿಷಪ್ಪನೇ ಆ ಖಂಡನೆಯನ್ನು ಥಾಮಸನ ಬೋಧೆಗೆ ತಗಲುವಷ್ಟರ ಮಟ್ಟಿಗೆ ಹಿಂದೆಗೆದುಕೊಂಡನು. ಅಷ್ಟರೊಳಗೆ ಕವಿಯಾದ ದಾಂತೆ ತನ್ನ ಸ್ವರ್ಗಕಾಂಡದಲ್ಲಿ, ಸೂರ್ಯಮಂಡಲದ ಜ್ಞಾನಿಗಳ ನಡುವೆ, ಸಿಗೇರನನ್ನು ಥಾಮಸನ ಪಕ್ಕದಲ್ಲಿಯೇ ನಿಲ್ಲಿಸಿ, ಅವನ ಪರಿಚಯವನ್ನು ಥಾಮಸನ ಬಾಯಿಂದಲೇ ಮಾಡಿಸಿಯೂ ಆಗಿತ್ತು. ಡನ್ಸ್ ಸ್ಕೋಟಸ್, ಆಕಮಿನ ವಿಲಿಯಮ್ ಮೊದಲಾದ ಮುಂದಿನವರು ಬುದ್ಧಿಯು ಸಾಧಿಸಬಲ್ಲ ವಿಷಯಗಳ ಪಟ್ಟಿಯನ್ನು ಇನ್ನಷ್ಟು ಕಿರಿದುಮಾಡಿದರು. ಅದು ಬೇರೊಂದು ಭಾಷಣದ ವಸ್ತು.

ಜಗತ್ತಿನ ಆದಿಯ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದಿತು. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ಥಾಮಸನ ದರ್ಶನದ ವ್ಯಾಸಂಗಕ್ಕೆ ಹೊಸ ಚಾಲನೆಯನ್ನು ಕೊಟ್ಟ ಮೇಲೆ ಅದು ನೆಲೆಗೊಂಡ ಕೇಂದ್ರಗಳಲ್ಲಿ ಬೆಲ್ಜಿಯಮಿನ ಲೂವೆನ್ ವಿಶ್ವವಿದ್ಯಾಲಯ ಒಂದು. ಗಣಿತ ಭೌತಶಾಸ್ತ್ರಗಳೊಡನೆ ಆ ದರ್ಶನವನ್ನೂ ಅಲ್ಲಿ ಅಭ್ಯಾಸಮಾಡಿ, ಪಾದ್ರಿಯಾಗಿ, ಅಲ್ಲಿಯೇ ಪ್ರಾಧ್ಯಾಪಕರಾದ ಜಾರ್ಜ್ ಲಮೇತ್ರ್ ಅವರು, ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿಯೂ, ಅದು ಒಂದು ಆದಿಮ ಪರಮಾಣುವಿನಿಂದ ಹೊರಟಿರಬಹುದೆಂದು 1931ರಲ್ಲಿಯೂ ಪ್ರತಿಪಾದಿಸಿದರು. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಮುಂದೆ ಮಾತನಾಡುತ್ತ, ಈ ಹೊಸ ವಿಜ್ಞಾನ ಜಗತ್ಸೃಷ್ಟಿಗೆ ಸಾಕ್ಷಿ ನುಡಿಯುತ್ತಿದೆಯೆಂಬ ಭಾವವನ್ನು ಸಂತೋಷದಿಂದ ವ್ಯಕ್ತಪಡಿಸಿದರು. ಲಮೇತ್ರ್ ಅವರಿಗೆ ಇದು ಹಿತವಾಗಲಿಲ್ಲ. ಭೌತಶಾಸ್ತ್ರದ ಆರಂಭಬಿಂದು ಒಂದು ಊಹೆ, ನಾಳೆ ಅದು ಬದಲಾಗಬಹುದು. ಸೃಷ್ಟಿಯೆಂಬುದು ಇರವಿನ ಅವಲಂಬನೆಯನ್ನು ಕುರಿತ ಮಾತು, ದೂರದರ್ಶಕದ ಫಲಿತಾಂಶದ ಮೇಲೆ ಅದು ನಿಂತಿಲ್ಲ ಎಂಬುದು ಥಾಮಸನನ್ನು ಓದಿದವರಿಗೆ ತಿಳಿದ ವಿಷಯ. ತಮ್ಮ ಸಿದ್ಧಾಂತವು ತತ್ತ್ವಮೀಮಾಂಸೆ ಮತ್ತು ಮತಧರ್ಮಗಳ ಪ್ರಶ್ನೆಗಳಿಂದ ಹೊರಗಿನದೆಂದೂ, ಆಸ್ತಿಕನೂ ನಾಸ್ತಿಕನೂ ಅದನ್ನು ಒಂದೇ ರೀತಿಯಲ್ಲಿ ಒಪ್ಪಬಹುದು ಅಥವಾ ಬಿಡಬಹುದೆಂದೂ ಲಮೇತ್ರ್ ಸ್ಪಷ್ಟಪಡಿಸುತ್ತ ಬಂದರು. ಮರುವರ್ಷ ಸೆಪ್ಟೆಂಬರಿನಲ್ಲಿ ರೋಮಿನಲ್ಲಿ ನೆರೆದಿದ್ದ ಖಗೋಳಶಾಸ್ತ್ರಜ್ಞರನ್ನು ಉದ್ದೇಶಿಸಿ ಮಾತನಾಡಿದಾಗ ಪೋಪರು ವಿಜ್ಞಾನ ಸೃಷ್ಟಿಗೆ ಸಾಕ್ಷಿಯೆಂಬ ಆ ವಾದವನ್ನು ಮತ್ತೆ ಎತ್ತಲಿಲ್ಲ.